ಅನುಭವ ಮತ್ತು ಸ್ಮರಣೆ

ದಶಲಕ್ಷಣ ಪರ್ವದ ಕೊನೆಯ ದಿನ, ಅನಂತ ಚತುರ್ದಶಿಯ ಅಪರಾಹ್ಣ. ಒಂದು ಶ್ರಾವಕರ ಮನೆಯ ಪಡಸಾಲೆಯಲ್ಲಿ ಇಬ್ಬರು ಸ್ತ್ರೀಯರು ಕುಳಿತಿದ್ದರು. ಒಬ್ಬರು ಮನೆಯ ಹಿರಿಯರು, ಎಪ್ಪತ್ತು ದಾಟಿದವರು. ಇನ್ನೊಬ್ಬಳು ಅವರ ಸೊಸೆ. ಹಿರಿಯರು ತಮ್ಮ ಪ್ರಾಯದಲ್ಲಿ ಹದಿನಾಲ್ಕು ವರ್ಷ ಅನಂತ ನೋಂಪಿಯನ್ನು ಬಿಡದೆ ಆಚರಿಸಿ, ಉದ್ಯಾಪನೆ ಮಾಡಿ, ಬಸದಿಗೆ ಉಪಕರಣಗಳನ್ನು ಒಪ್ಪಿಸಿದವರು. ಸಕ್ಕರೆ ಕಾಯಿಲೆಯ ದೆಸೆಯಿಂದ ಈಗ ಅವರಿಗೆ ಉಪವಾಸ ಕೂಡದೆಂದು ವೈದ್ಯರ ಕಟ್ಟಪ್ಪಣೆಯಾಗಿದೆ. ಸೊಸೆಯು ಅದೇ ವರ್ಷ ನೋಂಪಿಯನ್ನು ಹಿಡಿದಿದ್ದಳು. ಅವಳಿಗೆ ಅದು ಮೊದಲನೆಯ ನಿರಾಹಾರ ಉಪವಾಸ.

ಹಿರಿಯರು ತಮ್ಮ ಹಿಂದಿನ ಚತುರ್ದಶಿಗಳನ್ನು ನೆನೆದು ಹೇಳುತ್ತಿದ್ದರು. ಬೆಳಗಿನ ಅಭಿಷೇಕ, ಮಧ್ಯಾಹ್ನದ ನೋಂಪಿಯ ಕಥೆ, ಸಂಜೆಯ ಆರತಿ, ದಿನವೆಲ್ಲ ಹಗುರವಾಗಿದ್ದ ದೇಹ, ತಿಳಿಯಾಗಿದ್ದ ಮನಸ್ಸು. ಸೊಸೆಯು ಸ್ವಲ್ಪ ಹೊತ್ತು ಕೇಳಿ, ತಲೆ ತಗ್ಗಿಸಿ ಅಂದಳು: “ಅತ್ತೆ, ನಿಮಗೆ ಅಷ್ಟು ಆನಂದ ಸಿಕ್ಕಿತು. ನನಗೆ ಬೆಳಗಿನಿಂದ ತಲೆನೋವು, ಗಡಿಯಾರದ ಮೇಲೆಯೇ ಕಣ್ಣು. ನನ್ನ ವ್ರತದಲ್ಲಿ ಏನೋ ದೋಷವಿರಬೇಕು.”

ಈ ಮಾತಿನಲ್ಲಿ ಒಂದು ಗಂಭೀರವಾದ ಪ್ರಶ್ನೆ ಅಡಗಿದೆ. ಉಪವಾಸದಲ್ಲಿರುವವಳಿಗೆ ಆನಂದ ಕಾಣುತ್ತಿಲ್ಲ. ಆನಂದವನ್ನು ಕಾಣುತ್ತಿರುವವರು ಉಪವಾಸದಲ್ಲಿಲ್ಲ. ಹಾಗಾದರೆ ಯಾವುದು ಹೆಚ್ಚು ಫಲದಾಯಕ? ಅನುಭವವೋ, ಅದರ ಸ್ಮರಣೆಯೋ?

ಲೋಕದ ಮಾತು ಎರಡು ಬಗೆಯಾಗಿದೆ. ಉಂಡ ಅನ್ನವೇ ಹಸಿವನ್ನು ತಣಿಸುವುದು, ನೆನೆದ ಅನ್ನ ತಣಿಸದು ಎಂದು ಕೆಲವರು ಅನುಭವವನ್ನು ಎತ್ತಿ ಹಿಡಿಯುತ್ತಾರೆ. ಅನುಭವ ಒಂದು ಗಳಿಗೆಯದು, ಸ್ಮರಣೆ ಬಾಳಿನುದ್ದಕ್ಕೂ ಉಳಿಯುವ ಗಂಟು ಎಂದು ಮತ್ತೆ ಕೆಲವರು. ಎರಡನೆಯ ಪಕ್ಷಕ್ಕೆ ಇನ್ನೊಂದು ಬಲವೂ ಇದೆ. ಬಿಸಿಲಿನಲ್ಲಿ ವಿಂಧ್ಯಗಿರಿಯನ್ನು ಏರುವಾಗ ಕಾದ ಬಂಡೆಯು ಅಂಗಾಲನ್ನು ಸುಡುತ್ತದೆ. ಊರಿಗೆ ಮರಳಿದ ಮೇಲೆ ಸುಟ್ಟ ಅಂಗಾಲು ಮರೆತುಹೋಗಿ ಗೊಮ್ಮಟೇಶ್ವರನ ಮುಖವಷ್ಟೇ ಉಳಿಯುತ್ತದೆ. ಸ್ಮರಣೆಯು ಕಸವನ್ನು ತೂರಿ ಕಾಳನ್ನು ಉಳಿಸುವ ಮೊರದಂತೆ ತೋರುತ್ತದೆ. ಆದರೆ ಆ ಮೊರವು ಯಾವುದನ್ನು ಕಾಳೆಂದು ಉಳಿಸುತ್ತದೆ, ಯಾವುದನ್ನು ಕಸವೆಂದು ಹಾರಿಸುತ್ತದೆ ಎಂಬುದನ್ನು ವಿಚಾರಿಸಬೇಕಾಗಿದೆ.

ಜೈನ ದರ್ಶನವು ಸ್ಮೃತಿಯನ್ನು ಹಗುರವಾಗಿ ಕಂಡಿಲ್ಲ. ಇತರ ಹಲವು ದರ್ಶನಕಾರರು ಸ್ಮೃತಿಯು ಹಳೆಯದನ್ನೇ ಮತ್ತೆ ಹೇಳುವುದೆಂದು ಅದನ್ನು ಪ್ರಮಾಣಗಳ ಸಾಲಿನಿಂದ ಹೊರಗಿಟ್ಟರು. ಜೈನ ನ್ಯಾಯವಾದರೋ ಸ್ಮೃತಿ, ಪ್ರತ್ಯಭಿಜ್ಞಾನ, ತರ್ಕ, ಅನುಮಾನ, ಆಗಮ ಎಂಬ ಐದನ್ನು ಪರೋಕ್ಷ ಪ್ರಮಾಣದ ಭೇದಗಳೆಂದು ಅಂಗೀಕರಿಸಿತು. ಮತಿಜ್ಞಾನದ ನಾಲ್ಕು ಮೆಟ್ಟಿಲುಗಳು ಅವಗ್ರಹ, ಈಹಾ, ಅವಾಯ, ಧಾರಣಾ. ವಸ್ತುವಿನ ಮೊದಲ ಗ್ರಹಣ, ಅದನ್ನು ವಿಶೇಷವಾಗಿ ತಿಳಿಯುವ ಇಚ್ಛೆ, ನಿಶ್ಚಯ, ನಿಶ್ಚಯವಾದುದನ್ನು ಮರೆಯದಂತೆ ಹಿಡಿದಿಡುವುದು. ಈ ಧಾರಣೆಯೇ ಸ್ಮೃತಿಗೆ ಕಾರಣ. ಎಂದಮೇಲೆ ಗಮನವಿಟ್ಟು ಬಾಳದ ಅನುಭವವು ಮುಂದೆ ಸತ್ಯವಾದ ಸ್ಮರಣೆಯಾಗಲಾರದು. ಉಪವಾಸದ ದಿನವನ್ನು ನಿದ್ರೆಯಲ್ಲಿಯೋ ಹರಟೆಯಲ್ಲಿಯೋ ಕಳೆದವನಿಗೆ ನೆನೆಯಲು ಉಳಿಯುವುದು ಮರುದಿನದ ಪಾರಣೆಯ ಊಟವೊಂದೇ.

2018ರ ಫೆಬ್ರವರಿಯಲ್ಲಿ ಶ್ರವಣಬೆಳಗೊಳದಲ್ಲಿ ನಡೆದ ಮಹಾಮಸ್ತಕಾಭಿಷೇಕದ ಸಂದರ್ಭದಲ್ಲಿ ಹಾಲು, ಅರಿಸಿನ, ಚಂದನಗಳು ಭಗವಂತನ ಮೂರ್ತಿಯ ಮೇಲೆ ಇಳಿಯುವಾಗ ಎಷ್ಟೋ ಕೈಗಳು ಮುಗಿಯುವ ಬದಲು ಮೊಬೈಲ್ ಫೋನನ್ನು ಎತ್ತಿ ಹಿಡಿದಿದ್ದವು. ಮುಂದೆ ನೋಡಬೇಕೆಂಬ ಆಸೆಯಿಂದ, ಎದುರಿಗೆ ಇರುವುದನ್ನು ನೋಡುವುದು ತಪ್ಪಿತು. ಚಿತ್ರ ಉಳಿಯಿತು, ಧಾರಣೆ ಉಳಿಯಲಿಲ್ಲ. ಸ್ಮರಣೆಗಾಗಿ ಅನುಭವವನ್ನು ಬಲಿಗೊಡುವವನು ಎರಡನ್ನೂ ಕಳೆದುಕೊಳ್ಳುತ್ತಾನೆ.

ವ್ರತಗಳ ಅತಿಚಾರಗಳನ್ನು ಹೇಳುವಾಗ ಆಚಾರ್ಯರು ಸ್ಮರಣೆಯ ವಿಷಯದಲ್ಲಿ ತೋರಿದ ಸೂಕ್ಷ್ಮತೆಯನ್ನು ಶ್ರಾವಕರು ಗಮನಿಸಬೇಕು. ತತ್ತ್ವಾರ್ಥ ಸೂತ್ರದ ಏಳನೆಯ ಅಧ್ಯಾಯದಲ್ಲಿ ಸಾಮಾಯಿಕಕ್ಕೂ ಪ್ರೋಷಧೋಪವಾಸಕ್ಕೂ ‘ಸ್ಮೃತ್ಯನುಪಸ್ಥಾನ’ವನ್ನು ಅತಿಚಾರವೆಂದು ಎಣಿಸಲಾಗಿದೆ. ಮಾಡಬೇಕಾದುದು ನೆನಪಿನಲ್ಲಿ ನಿಲ್ಲದಿರುವುದು ಎಂದು ಇದರ ತಾತ್ಪರ್ಯ. ಎರಡೆಡೆಯಲ್ಲಿಯೂ ಅದರ ಜೊತೆಗೇ ‘ಅನಾದರ’ವು ಬಂದಿದೆ. ಆದರವಿಲ್ಲದೆಡೆ ನೆನಪೂ ನಿಲ್ಲದು. ಇಲ್ಲಿ ಮರೆವೇ ದೋಷ.

ಅದೇ ಅಧ್ಯಾಯದಲ್ಲಿ ಸಲ್ಲೇಖನೆಯ ಅತಿಚಾರಗಳನ್ನು ಹೇಳುವಾಗ ‘ಸುಖಾನುಬಂಧ’ವೆಂಬುದು ಬರುತ್ತದೆ. ಹಿಂದೆ ಅನುಭವಿಸಿದ ಸುಖಗಳನ್ನು ಮರಳಿ ಮರಳಿ ಮನಸ್ಸಿಗೆ ತಂದುಕೊಳ್ಳುವುದೇ ಅದು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿಯೂ ಮಿತ್ರರ ಸ್ಮರಣೆಯನ್ನು ಸಲ್ಲೇಖನೆಯ ಅತಿಚಾರವೆಂದಿದೆ. ಬ್ರಹ್ಮಚರ್ಯ ವ್ರತದ ಐದು ಭಾವನೆಗಳಲ್ಲಿ ಹಿಂದಿನ ಭೋಗಗಳ ಸ್ಮರಣೆಯನ್ನು ತ್ಯಜಿಸುವುದೂ ಒಂದು. ಇಲ್ಲಿ ನೆನಪೇ ದೋಷ.

ಒಂದೆಡೆ ಮರೆವು ದೋಷ, ಇನ್ನೊಂದೆಡೆ ನೆನಪು ದೋಷ. ಇದು ವಿರೋಧವಲ್ಲವೆ? ಅಲ್ಲ. ವ್ರತಿಯು ತಾನು ಕೈಗೊಂಡುದನ್ನು ಮರೆಯಬಾರದು, ತಾನು ಬಿಟ್ಟುದನ್ನು ಮರಳಿ ಸವಿಯಬಾರದು. ಕೈಯಿಂದ ಬಿಟ್ಟ ವಸ್ತುವನ್ನು ಮನಸ್ಸಿನಿಂದ ಮತ್ತೆ ಹಿಡಿದರೆ ತ್ಯಾಗವು ಅರ್ಧವಾಯಿತು. ಕೃತ, ಕಾರಿತ, ಅನುಮೋದಿತ ಎಂಬ ಮೂರರಲ್ಲಿ ಅನುಮೋದನೆಯೂ ಬಂಧಕ್ಕೆ ಕಾರಣವೆಂದು ಬಾಲಕರೂ ಪಾಠಶಾಲೆಯಲ್ಲಿ ಕಲಿಯುತ್ತಾರೆ. ಹಳೆಯ ತಪ್ಪೊಂದನ್ನು ಸಂತೋಷದಿಂದ ನೆನೆಯುವವನು ಅದನ್ನು ಮನಸ್ಸಿನಲ್ಲಿ ಇನ್ನೊಮ್ಮೆ ಮಾಡುತ್ತಾನೆ. ಅದೇ ತಪ್ಪನ್ನು ಪ್ರತಿಕ್ರಮಣದಲ್ಲಿ ಪಶ್ಚಾತ್ತಾಪದಿಂದ ನೆನೆಯುವವನು ಅದರಿಂದ ಹಿಂದಿರುಗುತ್ತಾನೆ. ನೆನೆದ ವಿಷಯ ಒಂದೇ, ಫಲಗಳು ಬೇರೆ.

ಪಂಪ ಮಹಾಕವಿಯು 941ರಲ್ಲಿ ರಚಿಸಿದ ಆದಿಪುರಾಣವನ್ನು ಬಲ್ಲವರಿಗೆ ಇದರ ದೃಷ್ಟಾಂತವು ಹೊಸದಲ್ಲ. ಲಲಿತಾಂಗ ದೇವನು ಸ್ವರ್ಗದಿಂದ ಚ್ಯುತನಾದ ಮೇಲೆ ಅವನ ಪ್ರಿಯೆ ಸ್ವಯಂಪ್ರಭೆಯು ಶ್ರೀಮತಿಯೆಂಬ ರಾಜಕುಮಾರಿಯಾಗಿ ಹುಟ್ಟುತ್ತಾಳೆ. ಯಶೋಧರರ ಕೇವಲಜ್ಞಾನ ಪೂಜೆಗೆ ಹೋಗುತ್ತಿದ್ದ ದೇವತೆಗಳನ್ನು ಕಂಡು ಅವಳಿಗೆ ಜಾತಿಸ್ಮರಣೆ ಉಂಟಾಗುತ್ತದೆ, ಮೂರ್ಛೆ ಹೋಗುತ್ತಾಳೆ. ಎದ್ದ ಮೇಲೆ ಅವಳಿಗೆ ಬೇಕಾದುದು ಲಲಿತಾಂಗನೊಬ್ಬನೇ. ಅರಮನೆಯ ಯಾವ ಸುಖವೂ ರುಚಿಸದು. ಪೂರ್ವಭವದ ಚಿತ್ರವನ್ನು ಬರೆದು ಪಂಡಿತೆಯೆಂಬ ದಾದಿಯ ಕೈಗೆ ಕೊಡುತ್ತಾಳೆ. ಲಲಿತಾಂಗನೇ ವಜ್ರಜಂಘನಾಗಿ ಹುಟ್ಟಿದ್ದಾನೆಂದು ಆ ಚಿತ್ರದಿಂದ ತಿಳಿಯುತ್ತದೆ, ಅವರ ವಿವಾಹವಾಗುತ್ತದೆ. ಇದೂ ಸ್ಮರಣೆಯೇ. ಇದು ಭೋಗದ ಸ್ಮರಣೆ, ಮತ್ತೆ ಭೋಗಕ್ಕೇ ಕರೆದೊಯ್ದಿತು. ಆದರೆ ಆ ದಂಪತಿಗಳು ಒಮ್ಮೆ ಅರಣ್ಯದಲ್ಲಿ ಚಾರಣ ಮುನಿಗಳಿಗೆ ಭಕ್ತಿಯಿಂದ ಆಹಾರದಾನವನ್ನು ಮಾಡಿದರು. ಆ ಗಳಿಗೆಯಲ್ಲಿ ಅದು ಒಂದು ಹೊತ್ತಿನ ಸತ್ಕಾರ್ಯ, ಅಷ್ಟೇ.

ಭವಗಳು ಉರುಳಿದವು. ವಜ್ರಜಂಘನ ಜೀವವು ವೃಷಭನಾಥನಾಗಿ, ಶ್ರೀಮತಿಯ ಜೀವವು ಹಸ್ತಿನಾಪುರದ ಶ್ರೇಯಾಂಸನಾಗಿ ಹುಟ್ಟಿದವು. ದೀಕ್ಷೆಯನ್ನು ವಹಿಸಿ ಆರು ತಿಂಗಳು ನಿರಾಹಾರನಾಗಿ ನಿಂತ ಆದಿದೇವನು ಬಳಿಕ ಚರ್ಯೆಗೆ ಹೊರಟನು. ಮುನಿಗೆ ಆಹಾರ ಕೊಡುವ ವಿಧಿಯನ್ನು ಆ ಕಾಲದಲ್ಲಿ ಯಾರೂ ಅರಿಯರು. ಜನರು ರತ್ನಗಳನ್ನು ತಂದರು, ಆನೆ ಕುದುರೆಗಳನ್ನು ತಂದರು, ಕನ್ಯೆಯರನ್ನು ತಂದರು. ತುತ್ತು ಅನ್ನವನ್ನು ವಿಧಿಯಂತೆ ನೀಡಿದವರಿಲ್ಲ. ತಿಂಗಳುಗಳು ಕಳೆದವು. ಹಸ್ತಿನಾಪುರದಲ್ಲಿ ಸ್ವಾಮಿಯನ್ನು ಕಂಡೊಡನೆ ಶ್ರೇಯಾಂಸನಿಗೆ ಶ್ರೀಮತಿಯಾಗಿದ್ದ ಭವವು ನೆನಪಾಯಿತು, ಅಂದು ಮಾಡಿದ ದಾನದ ವಿಧಿಯೂ ನೆನಪಾಯಿತು. ಅವನು ಕಬ್ಬಿನ ಹಾಲನ್ನು ನೀಡಿದ ಆ ದಿನವೇ ಅಕ್ಷಯ ತೃತೀಯಾ.

ಜೀವ ಒಂದೇ, ಜಾತಿಸ್ಮರಣೆ ಎರಡು ಬಾರಿ. ಮೊದಲನೆಯದು ಮೂರ್ಛೆಯನ್ನು ತಂದಿತು, ಎರಡನೆಯದು ದಾನತೀರ್ಥವನ್ನು ಪ್ರವರ್ತಿಸಿತು. ಎರಡನೆಯ ಸಲ ಶ್ರೇಯಾಂಸನು ಕಣ್ಣು ಮುಚ್ಚಿ ಹಳೆಯ ದಾನದ ಸವಿಯನ್ನು ಚಪ್ಪರಿಸುತ್ತ ಕುಳಿತಿದ್ದರೆ ಸ್ವಾಮಿಯು ಹಸ್ತಿನಾಪುರದಿಂದಲೂ ಮುಂದೆ ನಡೆದುಬಿಡುತ್ತಿದ್ದನು. ನೆನಪು ಬಂದ ಗಳಿಗೆಯಲ್ಲಿಯೇ ಅವನ ಕೈಗಳು ಕೆಲಸಕ್ಕೆ ತೊಡಗಿದವು. ಸ್ಮರಣೆಯ ಸಾರ್ಥಕತೆ ಅಲ್ಲಿದೆ.

ಇಷ್ಟರಿಂದ ಮೊದಲ ಪ್ರಶ್ನೆಗೆ ಉತ್ತರದ ದಾರಿ ತೋರುತ್ತದೆ. ಅನುಭವ ಮತ್ತು ಸ್ಮರಣೆ ಎರಡು ತಕ್ಕಡಿಗಳಲ್ಲಿ ಇಟ್ಟು ತೂಗುವ ವಸ್ತುಗಳೆಂದು ತಿಳಿಯುವುದೇ ತಪ್ಪು. ನೆನೆಯುವವನೂ ಈ ಕ್ಷಣದಲ್ಲಿ ಬಾಳುತ್ತಿದ್ದಾನೆ. ನೆನಪಿನ ವಿಷಯ ಹಳೆಯದು. ನೆನೆಯುವ ಜ್ಞಾನ ಪರ್ಯಾಯವು ಇಂದಿನದು. ಕರ್ಮವು ಬಂಧಿಸುವುದು ಇಂದಿನ ಭಾವದಿಂದ. ಹಸಿದಿರುವವಳ ಭಾವವೂ ಇಂದಿನದೇ, ಹಸಿವನ್ನು ನೆನೆಯುವವರ ಭಾವವೂ ಇಂದಿನದೇ. ಇಬ್ಬರನ್ನೂ ಕೇಳಬೇಕಾದ ಪ್ರಶ್ನೆ ಒಂದೇ: ಈಗ ಉಪಯೋಗವು ಯಾವ ಕಡೆಗೆ ತಿರುಗಿದೆ?

ಈ ಅಳತೆಯಿಂದ ನೋಡಿದರೆ ಸೊಸೆಯ ವ್ರತದಲ್ಲಿ ಅವಳು ಭಯಪಟ್ಟ ದೋಷವಿಲ್ಲ. ತಲೆನೋವು ದೇಹದ ಧರ್ಮ. ಉಪವಾಸವು ಆನಂದದ ಅನುಭವಕ್ಕಾಗಿ ವಿಧಿಸಿದ ಉಪಾಯವಲ್ಲ, ಇಚ್ಛಾ ನಿರೋಧಕ್ಕಾಗಿ ವಿಧಿಸಿದ ತಪಸ್ಸು. ಗಡಿಯಾರದ ಮೇಲೆ ಹೋದ ಕಣ್ಣನ್ನು ಅವಳು ಪ್ರತಿ ಬಾರಿಯೂ ಮರಳಿ ತಂದು ಕಥೆಯ ಮೇಲೆ ನಿಲ್ಲಿಸಿದ್ದರೆ, ಆ ಮರಳಿ ತರುವಿಕೆಯೇ ಅಂದಿನ ಅವಳ ತಪಸ್ಸು. ಸುಖವಿಲ್ಲದ ಉಪವಾಸ ನಿಷ್ಫಲವೆಂದು ಭಾವಿಸಿದರೆ ಜಿಹ್ವೆಯ ಸುಖವನ್ನು ಬಿಟ್ಟು ಮನಸ್ಸಿನ ಸುಖವನ್ನು ಬೇಡಿದಂತಾಗುತ್ತದೆ.

ಹಿರಿಯರ ಪಾಡು ಇದಕ್ಕಿಂತ ಕಷ್ಟದ್ದು. ಇನ್ನು ಮೇಲೆ ತನಗೆ ಸ್ಮರಣೆಯೊಂದೇ ಗತಿ ಎಂದುಕೊಂಡಾಗ ಎರಡು ಅಪಾಯಗಳು ಎದುರಾಗುತ್ತವೆ. ಹದಿನಾಲ್ಕು ವರ್ಷಗಳ ಲೆಕ್ಕವನ್ನು ಬಂದವರಿಗೆಲ್ಲ ಹೇಳುತ್ತ ಹೋದರೆ ಅದು ಅಷ್ಟಮದಗಳಲ್ಲಿ ಒಂದಾದ ತಪೋಮದವಾಗುತ್ತದೆ. ಇನ್ನು ಆಗದಲ್ಲಾ ಎಂದು ಕೊರಗುತ್ತ ನೆನೆದರೆ ಇಷ್ಟವಿಯೋಗದ ಆರ್ತಧ್ಯಾನವಾಗುತ್ತದೆ. ಎರಡರಲ್ಲಿಯೂ ಹಿಂದಿನ ತಪಸ್ಸೇ ಇಂದಿನ ಬಂಧಕ್ಕೆ ನಿಮಿತ್ತ. ಆದರೆ ಸ್ಮರಣೆಯೊಂದೇ ಗತಿ ಎಂಬುದು ನಿಜವಲ್ಲ. ಷೋಡಶ ಕಾರಣ ಭಾವನೆಗಳಲ್ಲಿ ತಪಸ್ಸನ್ನು ಶಕ್ತಿಗೆ ತಕ್ಕಂತೆ ಮಾಡಬೇಕೆಂದು ಹೇಳಿದೆ. ಬಾಹ್ಯತಪಗಳು ಆರು; ಅವುಗಳಲ್ಲಿ ಅನಶನವು ಒಂದು ಮಾತ್ರ. ವೈದ್ಯರು ಹೇಳಿದ ಹೊತ್ತಿಗೆ ಹೇಳಿದಷ್ಟನ್ನು ಉಣ್ಣುವಾಗಲೂ ರಸವೊಂದನ್ನು ಬಿಡಬಹುದು. ಸ್ವಾಧ್ಯಾಯ, ವೈಯಾವೃತ್ಯ, ಪ್ರಾಯಶ್ಚಿತ್ತಗಳಿಗೆ ಸಕ್ಕರೆ ಕಾಯಿಲೆ ಅಡ್ಡಬಾರದು. ಹಳೆಯ ಉಪವಾಸದ ನೆನಪು ಇವುಗಳಿಗೆ ಪ್ರೇರಣೆಯಾದರೆ ಅದು ಶ್ರೇಯಾಂಸನ ಸ್ಮರಣೆ.

ಆ ಮಧ್ಯಾಹ್ನ ಪಡಸಾಲೆಯಲ್ಲಿ ನಡೆದುದೂ ಇದೇ. ಸೊಸೆಯ ಮಾತನ್ನು ಕೇಳಿ ಹಿರಿಯರು ಬಹಳ ಹೊತ್ತು ಸುಮ್ಮನಿದ್ದರು. ತಮ್ಮ ಮೊದಲನೆಯ ಚತುರ್ದಶಿಯನ್ನು ಅವರು ಆಗ ಮತ್ತೊಮ್ಮೆ ನೆನೆದರು. ಈ ಸಲ ಮೊರದಲ್ಲಿ ತೂರದೆ, ಇದ್ದುದು ಇದ್ದಂತೆ. ಆಮೇಲೆ ಹೇಳಿದರು: “ಮಗಳೇ, ನಾನು ಹೇಳಿದ್ದು ಪೂರ್ತಿ ನಿಜವಲ್ಲ. ಮೊದಲ ವರ್ಷ ನಾನೂ ಮಧ್ಯಾಹ್ನ ಕಥೆ ಕೇಳುವಾಗ ತೂಕಡಿಸಿದೆ. ಸಂಜೆ ಮಕ್ಕಳ ಮೇಲೆ ರೇಗಿ ಕೈಯೆತ್ತಿದೆ. ಅದನ್ನು ಇಷ್ಟು ವರ್ಷ ಯಾರಿಗೂ ಹೇಳಲಿಲ್ಲ, ನಾನೇ ಮರೆತುಬಿಟ್ಟಿದ್ದೆ.”

ಸ್ಮರಣೆಯು ಸಿಹಿಯನ್ನಷ್ಟೇ ಉಳಿಸಿದಾಗ ಅದರ ಭಾರವು ಎದುರಿಗಿದ್ದ ಚಿಕ್ಕವಳ ತಲೆಯ ಮೇಲೆ ಬಿದ್ದಿತ್ತು. ಸತ್ಯವನ್ನು ನೆನೆದಾಗ ಆ ಭಾರವು ಇಳಿಯಿತು. ಹಿರಿಯರಿಗೆ ಅದು ಆಲೋಚನೆಯಾಯಿತು, ಕಿರಿಯಳಿಗೆ ಸ್ಥಿತಿಕರಣವಾಯಿತು. ಉಪವಾಸ ಮಾಡದೆಯೂ ಅವರಿಗೆ ಆ ಚತುರ್ದಶಿ ವ್ಯರ್ಥವಾಗಲಿಲ್ಲ.

ಮರುದಿನ ಸೂರ್ಯೋದಯದ ಬಳಿಕ ಬಸದಿಯಿಂದ ಬಂದ ಸೊಸೆಗೆ ಹಿರಿಯರು ತಮ್ಮ ಕೈಯಾರೆ ಪಾರಣೆಯನ್ನು ಬಡಿಸಿದರು.