ಅಜ್ಜಿಯ ಕೈಯಳತೆ



ಸಂತ ಪೌಲರು ಸೆರೆಮನೆಯಿಂದ ತಿಮೊಥೇಯನಿಗೆ ಬರೆಯುತ್ತಾ ಅವನ ನಿಷ್ಕಪಟ ವಿಶ್ವಾಸವನ್ನು ನೆನೆಯುತ್ತಾರೆ. ಆ ವಿಶ್ವಾಸ ಮೊದಲು ಅವನ ಅಜ್ಜಿ ಲೋವಿಯಲ್ಲಿಯೂ ಬಳಿಕ ತಾಯಿ ಯೂನಿಕೆಯಲ್ಲಿಯೂ ನೆಲೆಸಿತ್ತು ಎನ್ನುತ್ತಾರೆ (2 ತಿಮೊ 1:5). ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ 'ಅಜ್ಜಿ' ಎಂಬ ಪದ ಬರುವುದು ಇದೊಂದೇ ಕಡೆ. ಆ ಒಂದು ಸಲವೂ ಅಜ್ಜಿ ನಮಗೆ ಕಾಣಿಸುವುದು ವಿಶ್ವಾಸವನ್ನು ಮುಂದಿನ ತಲೆಮಾರಿಗೆ ದಾಟಿಸಿದವಳಾಗಿ.

ಪೌಲರು ಈ ಪತ್ರವನ್ನು ರೋಮಿನಿಂದ ಬರೆದರೆಂಬುದು ಧರ್ಮಸಭೆಯ ಪರಂಪರೆ. ಅದೇ ಇಟಲಿ ದೇಶದ ಅಜ್ಜಿಯರ ಅಡುಗೆಮನೆಗೆ ಇಂದು ನಿಮ್ಮನ್ನು ಕರೆದೊಯ್ಯುತ್ತೇನೆ. 2025ರ ಡಿಸೆಂಬರ್‌ನಲ್ಲಿ ನಮ್ಮ ದೆಹಲಿಯಲ್ಲಿ ಸೇರಿದ್ದ ಯುನೆಸ್ಕೋ ಸಮಿತಿಯು ಇಟಲಿಯ ಅಡುಗೆಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಗೌರವ ಸಂದದ್ದು ಯಾವುದೋ ಒಂದು ತಿನಿಸಿಗಲ್ಲ. ಮನೆಮಂದಿ ಕೂಡಿ ಅಡುಗೆ ಮಾಡಿ, ಕೂಡಿ ಉಣ್ಣುವ, ಹಿರಿಯರಿಂದ ಮೊಮ್ಮಕ್ಕಳು ಕಲಿಯುವ ರೂಢಿಗೆ.

ಬೊಲೋನ್ಯ ಸೀಮೆಯ ಮನೆಗಳಲ್ಲಿ ಭಾನುವಾರದ ಊಟಕ್ಕೆ ಕೈಯಿಂದಲೇ ಪಾಸ್ತಾ ಮಾಡುತ್ತಾರೆ. ಲೆಕ್ಕ ಸುಲಭ: 100 ಗ್ರಾಂ ಗೋಧಿ ಹಿಟ್ಟಿಗೆ 1 ಮೊಟ್ಟೆ. ಮರದ ಹಲಗೆಯ ಮೇಲೆ ಹಿಟ್ಟನ್ನು ಗುಡ್ಡೆ ಮಾಡಿ, ನಡುವೆ ಗುಳಿ ತೋಡಿ, ಮೊಟ್ಟೆ ಒಡೆದು ಹಾಕಿ, ಅಂಗೈಯಿಂದ ಒತ್ತಿ ಒತ್ತಿ ನಾದಬೇಕು. ಉದ್ದನೆಯ ಲಟ್ಟಣಿಗೆಯಿಂದ ತೆಳ್ಳಗೆ ಲಟ್ಟಿಸಿ ಪಟ್ಟಿಗಳಾಗಿ ಕತ್ತರಿಸಬೇಕು. ಇಷ್ಟನ್ನು ಪುಸ್ತಕದಲ್ಲಿ ಓದಬಹುದು. ಆದರೆ ಮೊಟ್ಟೆ ದೊಡ್ಡದಾಗಿದ್ದರೆ? ಮಳೆಗಾಲದಲ್ಲಿ ಹಿಟ್ಟು ತೇವ ಹೀರಿದ್ದರೆ? ಆಗ ಅಜ್ಜಿಯು ಮೊಮ್ಮಗಳ ಕೈ ಹಿಡಿದು ಹಿಟ್ಟಿನ ಮೇಲೆ ಇಡುತ್ತಾಳೆ: "ಇನ್ನೂ ಸ್ವಲ್ಪ ನಾದು. ಈಗ ಮುಟ್ಟಿ ನೋಡು. ಹೀಗಿರಬೇಕು."

ಇಟಲಿಯ ಅಡುಗೆ ಪುಸ್ತಕಗಳಲ್ಲಿ ಉಪ್ಪು, ಎಣ್ಣೆಗಳ ಮುಂದೆ ಹಲವು ಸಲ ಅಳತೆಯೇ ಇರುವುದಿಲ್ಲ. 'ಕ್ವಾಂತೊ ಬಾಸ್ತ' ಎಂಬ ಮಾತಿನ ಎರಡು ಪದಗಳ ಮೊದಲ ಅಕ್ಷರಗಳಿರುತ್ತವೆ, ಅಷ್ಟೆ. ಅದರ ಅರ್ಥ 'ಸಾಕಾಗುವಷ್ಟು'. ಎಷ್ಟು ಸಾಕು ಎಂಬುದನ್ನು ಪುಸ್ತಕ ಹೇಳಲಾರದು. ಅಜ್ಜಿಯ ಪಕ್ಕದಲ್ಲಿ ನಿಂತವರಿಗೆ ಮಾತ್ರ ಅದು ಗೊತ್ತು.

ವಿಶ್ವಾಸವೂ ಹೀಗೆಯೇ ಅಲ್ಲವೇ? ಧರ್ಮೋಪದೇಶದ ಪ್ರಶ್ನೋತ್ತರಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಅದು ಬೇಕು. ಆದರೆ ಮನೆಯಲ್ಲಿ ಸಾವು ಬಂದಾಗ ಹೇಗೆ ಪ್ರಾರ್ಥಿಸಬೇಕು? ಜಗಳವಾಡಿದವರ ಮುಂದೆ ಮಲಗುವ ಮೊದಲು ಹೇಗೆ ಸೋಲಬೇಕು? ಇವುಗಳ ಅಳತೆ ಯಾವ ಪುಸ್ತಕದಲ್ಲೂ ಇಲ್ಲ. ಮಗು ಅದನ್ನು ಯಾರದೋ ಪಕ್ಕದಲ್ಲಿ ನಿಂತು ಕಂಡಿರಬೇಕು.

ಆ ಅಡುಗೆಮನೆ ಇನ್ನೊಂದು ಪಾಠವನ್ನೂ ಕಲಿಸುತ್ತದೆ. ಇಂದು ಹೋಟೆಲುಗಳಲ್ಲಿ ದುಬಾರಿ ಬೆಲೆಗೆ ಮಾರುವ ಇಟಲಿಯ ಅನೇಕ ತಿನಿಸುಗಳು ಹುಟ್ಟಿದ್ದು ಬಡತನದಲ್ಲಿ. ತೊಸ್ಕಾನ ಪ್ರಾಂತದ 'ರಿಬೊಲ್ಲೀತ' ಎಂದರೆ 'ಮರಳಿ ಕುದಿಸಿದ್ದು'. ಹಳಸಲು ರೊಟ್ಟಿ, ಹುರುಳಿಕಾಯಿಯ ಬೀಜ, ಕಪ್ಪು ಎಲೆಕೋಸು ಹಾಕಿದ ನಿನ್ನೆಯ ಸಾರನ್ನು ಇಂದು ಮತ್ತೆ ಕುದಿಸಿ ಉಣ್ಣುವ ಊಟ ಅದು. ರೊಟ್ಟಿಯನ್ನು ಮೇಜಿನ ಮೇಲೆ ಮಗುಚಿ ಇಡಬಾರದೆಂದು ಹಳೆಯ ತಲೆಮಾರಿನವರು ಮಕ್ಕಳನ್ನು ಗದರುತ್ತಿದ್ದರು. ಅನ್ನದ ಬೆಲೆ ಬಲ್ಲವರು ಅವರು.

ಸಿಸಿಲಿ ದ್ವೀಪದಲ್ಲಿ ಮಾರ್ಚ್ 19ರಂದು, ಸಂತ ಜೋಸೆಫರ ಹಬ್ಬದ ದಿನ, 'ಸಂತ ಜೋಸೆಫರ ಮೇಜು' ಸಿದ್ಧವಾಗುತ್ತದೆ. ತಪಸ್ಸುಕಾಲವಾದ್ದರಿಂದ ಮಾಂಸವಿಲ್ಲ. ನಾನಾ ಆಕಾರದ ರೊಟ್ಟಿಗಳು, ಕಾಳುಗಳು, ತರಕಾರಿಗಳು. ಪಾಸ್ತಾದ ಮೇಲೆ ಹುರಿದ ರೊಟ್ಟಿಪುಡಿಯನ್ನು ಉದುರಿಸುತ್ತಾರೆ. ಅದು ಬಡಗಿ ಜೋಸೆಫರ ಕೆಲಸದ ಮನೆಯ ಗರಗಸದ ಪುಡಿಯ ಗುರುತು! ಬಡವರನ್ನೋ ಊರಿನ ಮಕ್ಕಳನ್ನೋ ಕರೆದು ಯೇಸು, ಮರಿಯ, ಜೋಸೆಫರ ಸ್ಥಾನದಲ್ಲಿ ಕೂರಿಸಿ ಮೊದಲು ಅವರಿಗೆ ಬಡಿಸುತ್ತಾರೆ. ಆಮೇಲೆ ಉಳಿದವರಿಗೆ. ಅಜ್ಜಿಯ ಬೆನ್ನ ಹಿಂದೆ ನಿಂತು ಇದನ್ನು ನೋಡಿದ ಮಗುವಿಗೆ ಪವಿತ್ರ ಕುಟುಂಬದ ಬಗ್ಗೆ ಬೇರೆ ಪ್ರಸಂಗ ಬೇಕೇ?

ಆದರೆ ಪ್ರಿಯರೇ, ಒಂದು ಕಹಿಮಾತನ್ನೂ ಹೇಳಬೇಕು. ಆ ದೇಶದಲ್ಲಿ ಅಜ್ಜಿಯ ಪಾಸ್ತಾ ಉಳಿದಿದೆ. ಜಗತ್ತೇ ಅದನ್ನು ಕೊಂಡಾಡಿದೆ. ಭಾನುವಾರದ ಬಲಿಪೂಜೆಗೆ ಬರುವವರು ಮಾತ್ರ ಕಳೆದ ಕೆಲವು ದಶಕಗಳಲ್ಲಿ ಬಹಳ ಕಡಿಮೆಯಾಗಿದ್ದಾರೆ. ರುಚಿ ದಾಟಿಬಂತು, ಎಷ್ಟೋ ಮನೆಗಳಲ್ಲಿ ಊಟದ ಮುಂಚಿನ ಪ್ರಾರ್ಥನೆ ದಾರಿಯಲ್ಲೇ ಬಿದ್ದುಹೋಯಿತು. ಬೇರೆಯವರನ್ನು ದೂರುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ನಮ್ಮ ಕ್ರಿಸ್ಮಸ್ ಕುಸ್ವಾರ್ ಡಬ್ಬಿಗಳು ಮೊಮ್ಮಕ್ಕಳ ಕಾಲಕ್ಕೂ ಉಳಿದಾವು. ನಮ್ಮ ಸಂಜೆಯ ಜಪಸರ ಉಳಿದೀತೇ?

ಮನೆಗಳನ್ನು ಆಶೀರ್ವದಿಸಲು ಹೋದಾಗ ಒಳಕೋಣೆಯಲ್ಲಿ ಒಬ್ಬರೇ ಕುಳಿತ ಅಜ್ಜಿಯರನ್ನು ಕಾಣುತ್ತೇನೆ. ಹೊತ್ತಿಗೆ ಸರಿಯಾಗಿ ಊಟ, ಔಷಧಿ ಎಲ್ಲವೂ ಉಂಟು. ಒಬ್ಬ ತಾಯಿ ನನ್ನೊಡನೆ ಹೇಳಿದರು: "ಫಾದರ್, ನನಗೆ ಯಾವುದಕ್ಕೂ ಕಮ್ಮಿಯಿಲ್ಲ. ಆದರೆ ನನ್ನ ಹತ್ತಿರ ಯಾರೂ ಏನೂ ಕೇಳುವುದಿಲ್ಲ." ಆ ಮಾತು ನನ್ನನ್ನು ಇಂದಿಗೂ ಚುಚ್ಚುತ್ತಿದೆ. ಕೊಡಲು ಕೈ ಚಾಚಿದವಳಿದ್ದಾಳೆ, ತೆಗೆದುಕೊಳ್ಳುವವರಿಲ್ಲ.

ದಿವಂಗತ ಜಗದ್ಗುರು ಫ್ರಾನ್ಸಿಸರು ತೆಗೆದುಕೊಂಡಿದ್ದರು. ಅವರ ಅಜ್ಜಿ ರೋಸಾ ಇಟಲಿಯ ಪಿಯೆಮೊಂತೆ ಪ್ರಾಂತದಿಂದ 1929ರಲ್ಲಿ ಕುಟುಂಬದೊಡನೆ ಅರ್ಜೆಂಟೀನಾಕ್ಕೆ ವಲಸೆ ಹೋದವರು. ಶುಭ ಶುಕ್ರವಾರದ ಮೆರವಣಿಗೆಯಲ್ಲಿ ಅಜ್ಜಿ ಮಕ್ಕಳನ್ನು ಮೊಣಕಾಲೂರಿಸಿ, ಮೃತ ಯೇಸುವಿನ ಪ್ರತಿಮೆಯನ್ನು ತೋರಿಸಿ, ನಾಳೆ ಇವರು ಪುನರುತ್ಥಾನ ಹೊಂದುತ್ತಾರೆ ಎನ್ನುತ್ತಿದ್ದರಂತೆ. ಕ್ರಿಸ್ತರ ಶುಭಸಂದೇಶವನ್ನು ಮೊದಲು ಕೇಳಿದ್ದು ಅಜ್ಜಿಯಿಂದಲೇ ಎಂದು ಜಗದ್ಗುರುಗಳು 2013ರಲ್ಲಿ ನೆನೆದರು. ಅಜ್ಜಿ ಬರೆದುಕೊಟ್ಟ ಕಾಗದವನ್ನು ತಮ್ಮ ಪ್ರಾರ್ಥನಾ ಪುಸ್ತಕದಲ್ಲಿ ಇಟ್ಟುಕೊಂಡಿದ್ದರು. ಅಜ್ಜ ಅಜ್ಜಿಯರಿಗಾಗಿ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು 2021ರಲ್ಲಿ ಗೊತ್ತುಮಾಡಿದವರೂ ಅವರೇ.

ನಮ್ಮ ಧರ್ಮಸಭೆಯ ಹೃದಯವೂ ಒಂದು ಊಟದ ಮೇಜೇ. ಪ್ರಭುವಿನಿಂದ ತಾವು ಪಡೆದದ್ದನ್ನೇ ನಿಮಗೆ ಒಪ್ಪಿಸಿದ್ದೇನೆ ಎಂದು ಪೌಲರು ಕೊರಿಂಥಿಯರಿಗೆ ಬರೆದದ್ದು ಪರಮಪ್ರಸಾದದ ಬಗ್ಗೆ (1 ಕೊರಿಂಥ 11:23). ಕೈಯಿಂದ ಕೈಗೆ ಬಂದ ಆ ರೊಟ್ಟಿ ನಮ್ಮ ಕೈಗೂ ಬಂದಿದೆ. ಅದು ನಮ್ಮಲ್ಲೇ ನಿಂತುಹೋಗಬಾರದು.

ಆದ್ದರಿಂದ ಈ ವಾರ ಒಂದು ಕೆಲಸ ಮಾಡಿ. ಮಕ್ಕಳೇ, ಟಿ.ವಿ., ಮೊಬೈಲುಗಳನ್ನು ಆರಿಸಿ ಅಜ್ಜಿಯ ಬಳಿ ಹೋಗಿ. ಅವರ ಒಂದು ಅಡುಗೆಯನ್ನೂ ಒಂದು ಪ್ರಾರ್ಥನೆಯನ್ನೂ ಕೇಳಿ ಕಲಿಯಿರಿ. ತಾಯಂದಿರೇ, ತಂದೆಯರೇ, ಅವರಿಬ್ಬರಿಗೂ ಒಲೆಯ ಮುಂದೆ ಜಾಗ ಬಿಟ್ಟುಕೊಡಿ. ಸ್ವಲ್ಪ ಹಿಟ್ಟು ಚೆಲ್ಲಿದರೂ ಸಹಿಸಿಕೊಳ್ಳಿ. ಅಜ್ಜಿಯರೇ, ಕೇಳುವವರಿಲ್ಲವೆಂದು ಬೇಸರಪಟ್ಟು ಸುಮ್ಮನಾಗಬೇಡಿ. ನೀವೇ ಕರೆಯಿರಿ.

ಪ್ರಭುವೇ, ಲೋವಿಯ ವಿಶ್ವಾಸವನ್ನು ತಿಮೊಥೇಯನಿಗೆ ತಲುಪಿಸಿದ ನೀವು, ನಮ್ಮ ಹಿರಿಯರ ವಿಶ್ವಾಸವನ್ನು ನಮ್ಮ ಮಕ್ಕಳಿಗೂ ತಲುಪಿಸಿರಿ. ನಮ್ಮ ಮೇಜಿನ ಮೇಲೆ ಅನ್ನವೂ, ನಾಲಗೆಯ ಮೇಲೆ ನಿಮ್ಮ ನಾಮವೂ, ಬಾಗಿಲಲ್ಲಿ ಬಡವನಿಗೆ ಪಾಲೂ ಎಂದಿಗೂ ತಪ್ಪದಿರಲಿ. ಆಮೆನ್.