ಬೇಲಿ ಯಾರನ್ನು ತಡೆಯಲು?


*ಇಂದಿನ ಧಮ್ಮ ಚಿಂತನೆ*



ಇಂದು ಒಂದು ಸಣ್ಣ ಪದವನ್ನು ಕೈಗೆತ್ತಿಕೊಳ್ಳೋಣ: *ಬೇಲಿ*. ಹೊಲ ಇರುವವರಿಗೂ ಇಲ್ಲದವರಿಗೂ ಗೊತ್ತಿರುವ ಪದ. ಮೊದಲು ಕಳ್ಳಿ, ಕತ್ತಾಳೆ, ಜಾಲಿಮುಳ್ಳು ಇದ್ದವು. ಈಗ ತಂತಿ ಬೇಲಿ ಬಂದಿದೆ, ಕಾಡಂಚಿನ ಊರುಗಳಲ್ಲಿ ಆನೆ ತಡೆಯಲು ಸೋಲಾರ್ ಬೇಲಿ ಬಂದಿದೆ. ನಮ್ಮ ಮಾತಿನಲ್ಲೂ ಬೇಲಿ ಹಬ್ಬಿಕೊಂಡಿದೆ. ಕಾಯಬೇಕಾದವನೇ ಕದ್ದರೆ "ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ" ಎನ್ನುತ್ತೇವೆ. ಜಾತಿ ಮೀರಿ ಪ್ರೀತಿಸಿದ ಹುಡುಗಿಗೆ "ಬೇಲಿ ಹಾರಿದಳು" ಎನ್ನುತ್ತಾರೆ. ಗಾದೆಯಲ್ಲಿ ಬೇಲಿ ಎಂದರೆ ಕಾವಲು. ಆ ಹುಡುಗಿಯ ಪಾಲಿಗೆ ಅದೇ ಬೇಲಿ ಸೆರೆಮನೆ. ಹಾಗಾದರೆ ಯಾವ ಬೇಲಿಯನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಕಿತ್ತು ಹಾಕಬೇಕು?

*1. ದನಗಾಹಿಯ ಉಪಮೆ*

ಮಜ್ಝಿಮ ನಿಕಾಯದ ದ್ವೇಧಾವಿತಕ್ಕ ಸುತ್ತದಲ್ಲಿ ಭಗವಾನ್ ಬುದ್ಧರು ಒಬ್ಬ ದನಗಾಹಿಯ ಉಪಮೆ ಕೊಡುತ್ತಾರೆ. ಮಳೆಗಾಲದ ಕೊನೆಯ ತಿಂಗಳು. ಪೈರು ದಟ್ಟವಾಗಿ ನಿಂತಿದೆ. ದನಗಾಹಿ ಕೋಲು ಹಿಡಿದು ದನಗಳನ್ನು ಆ ಕಡೆ ಈ ಕಡೆಯಿಂದ ತಡೆಯುತ್ತಾನೆ. ದನ ಪೈರಿಗೆ ಬಾಯಿ ಹಾಕಿದರೆ ದಂಡವೋ ಸೆರೆಯೋ ತನಗೇ ಎಂದು ಅವನಿಗೆ ಗೊತ್ತು. ಬೇಸಿಗೆಯ ಕೊನೆಗೆ ಬೆಳೆಯೆಲ್ಲ ಊರು ಸೇರಿರುತ್ತದೆ. ಆಗ ಅವನು ಮರದ ಬುಡದಲ್ಲಿ ಕುಳಿತಿರಬಹುದು. ದನಗಳು ಅಲ್ಲಿವೆ ಎಂಬ ಎಚ್ಚರವಿದ್ದರೆ ಸಾಕು. ಬೋಧಿಗೆ ಮೊದಲು ಕಾಮ, ದ್ವೇಷ, ಹಿಂಸೆಯ ಯೋಚನೆಗಳನ್ನು ತಾವೂ ಹೀಗೆಯೇ ತಡೆದೆವು ಎಂಬುದು ಬುದ್ಧರ ಮಾತಿನ ಸಾರ.

ಇಲ್ಲಿ ಎರಡು ಸಂಗತಿ ಗಮನಿಸಿ. ಅವನು ತಡೆಯುವುದು ತನ್ನ ದನಗಳನ್ನು. ಮತ್ತು ಆ ಕಾವಲು ಪೈರು ಇರುವಷ್ಟು ದಿನ ಮಾತ್ರ.

ಪಂಚಶೀಲ ಇಂಥ ಬೇಲಿ. ಕೊಲ್ಲುವುದಿಲ್ಲ, ಕದಿಯುವುದಿಲ್ಲ, ಸುಳ್ಳು ಹೇಳುವುದಿಲ್ಲ ಎಂದು ಪ್ರತಿಯೊಬ್ಬರೂ ತಮ್ಮ ಬಾಯಿಂದ ತಾವೇ ಹೇಳಿ ಸ್ವೀಕರಿಸುತ್ತಾರೆ. ನನ್ನ ಶೀಲವನ್ನು ನೆರೆಯವನ ಮೇಲೆ ಹೇರಲು ಬರುವುದಿಲ್ಲ.

*2. ಕಣ್ಣಿಗೆ ಕಾಣದ ಬೇಲಿ*

ಜಾತಿ ಇದಕ್ಕೆ ಪೂರ್ತಿ ತಿರುಗು ಮುರುಗು. ಅದು ನನ್ನ ದನವನ್ನು ಊರೆಲ್ಲ ಮೇಯಲು ಬಿಟ್ಟು ಇನ್ನೊಬ್ಬನ ಕಾಲಿಗೆ ಮುಳ್ಳು ಹಾಕುತ್ತದೆ. 1936ರ 'ಜಾತಿ ವಿನಾಶ'ದಲ್ಲಿ ಬಾಬಾಸಾಹೇಬರು ಇದನ್ನು ಬಿಡಿಸಿ ಹೇಳಿದ್ದಾರೆ. ಜಾತಿ ಇಟ್ಟಿಗೆ ಗೋಡೆಯೋ ಮುಳ್ಳುತಂತಿಯೋ ಆಗಿದ್ದರೆ ಕೆಡವಿಬಿಡಬಹುದಿತ್ತು, ಅದು ಮನಸ್ಸಿನಲ್ಲಿ ಕುಳಿತಿದೆ ಎಂಬುದು ಅವರ ವಾದ.

ಮಹಾಡ್ ನೆನಪಿಸಿಕೊಳ್ಳಿ. ಚವದಾರ್ ಕೆರೆಯನ್ನು ಎಲ್ಲರಿಗೂ ತೆರೆಯಬೇಕೆಂದು ಅಲ್ಲಿನ ಪುರಸಭೆ ಮೊದಲೇ ನಿರ್ಣಯ ಮಾಡಿತ್ತು. ಕಾಗದದ ಮೇಲಿನ ಬೇಲಿ ಹೋಗಿತ್ತು. ಆದರೂ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಜನರೊಂದಿಗೆ ಹೋಗಿ ನೀರು ಮುಟ್ಟಿದಾಗ ಹಲ್ಲೆ ನಡೆಯಿತು.

ತಮಿಳುನಾಡಿನ ಮದುರೈ ಜಿಲ್ಲೆಯ ಉತ್ತಪುರಂನಲ್ಲಿ ದಲಿತರ ಕೇರಿಯನ್ನು ಬೇರ್ಪಡಿಸಲು ಕಟ್ಟಿದ್ದ ಗೋಡೆಯ ಒಂದು ಭಾಗವನ್ನು 2008ರ ಮೇ ತಿಂಗಳಲ್ಲಿ ಜಿಲ್ಲಾಡಳಿತ ಒಡೆಸಿ ದಾರಿ ಮಾಡಿಸಿತು. ಆಗ ಮೇಲ್ಜಾತಿಯ ಅನೇಕ ಕುಟುಂಬಗಳು ಸಿಟ್ಟಿನಿಂದ ಊರನ್ನೇ ಬಿಟ್ಟು ಹೊರಗೆ ಹೋಗಿ ಕುಳಿತವು. ಕಲ್ಲಿನ ಗೋಡೆ ಅಲ್ಲೇ ಉಳಿಯಿತು, ಮನಸ್ಸಿನ ಬೇಲಿ ಅವರ ಜೊತೆಗೇ ಹೊರಟಿತು.

*3. ಸಸಿಯ ಬೇಲಿ*

ಹಾಗೆಂದು ಎಲ್ಲ ಬೇಲಿಯೂ ಕೆಟ್ಟದ್ದಲ್ಲ. ರಸ್ತೆ ಬದಿಯ ಸಸಿಗೆ ಮುಳ್ಳು ಕಟ್ಟುತ್ತಾರೆ, ಮೇಕೆ ಬಾಯಿ ಹಾಕದಿರಲಿ ಎಂದು. ಮೀಸಲಾತಿ, 1989ರ ದೌರ್ಜನ್ಯ ತಡೆ ಕಾಯ್ದೆ ಅಂಥ ಬೇಲಿಗಳು. ತಮಿಳುನಾಡಿನ ಅನೇಕ ಊರುಗಳಲ್ಲಿ ಬಾಬಾಸಾಹೇಬರ ಪ್ರತಿಮೆಯೇ ಕಬ್ಬಿಣದ ಜಾಲರಿಯೊಳಗೆ ನಿಂತಿದೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಆದರೆ ಜಾಲರಿ ತೆಗೆಯಿರಿ ಎಂದು ಕೇಳುವ ಮೊದಲು ಕಲ್ಲು ಎತ್ತುವ ಕೈ ಇಳಿಯಬೇಕು. ಮೇಯುವ ಬಾಯಿ ಇರುವವರೆಗೆ ಸಸಿಗೆ ಮುಳ್ಳು ಬೇಕು.

ಸಾಂಚಿಯ ಮಹಾಸ್ತೂಪಕ್ಕೂ ಸುತ್ತ ಕಲ್ಲಿನ ಬೇಲಿ ಇದೆ, ಅದನ್ನು ವೇದಿಕಾ ಎನ್ನುತ್ತಾರೆ. ಅದಕ್ಕೆ ನಾಲ್ಕು ದಿಕ್ಕಿಗೂ ದ್ವಾರವಿದೆ. ಅದರ ಕಲ್ಲುಗಳ ಮೇಲೆ ಭಿಕ್ಖು, ಭಿಕ್ಖುಣಿಯರು, ವರ್ತಕರು, ಸಾಮಾನ್ಯ ಗೃಹಸ್ಥ ಹೆಂಗಸರು ತಮ್ಮ ದಾನದ ಜೊತೆ ಹೆಸರು ಕೆತ್ತಿಸಿದ್ದಾರೆ. ಸ್ತೂಪವನ್ನು ಕಾಯುವ ಬೇಲಿಯೂ ಬರುವವರಿಗೆ ಬಾಗಿಲು ಇಟ್ಟಿದೆ.

*4. ನಮ್ಮ ಅಂಗಳದ ಬೇಲಿ*

ಈಗ ಕಷ್ಟದ ಮಾತು. ನಾವು ಧಮ್ಮ ದೀಕ್ಷೆ ಪಡೆದಿದ್ದೇವೆ. 1956ರಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಸಮಾನತೆಯನ್ನು ನಂಬುತ್ತೇನೆ, ಅದಕ್ಕಾಗಿ ಶ್ರಮಿಸುತ್ತೇನೆ ಎಂಬವೂ ಇವೆ. ಆದರೆ ಮನೆಯಲ್ಲಿ ಮದುವೆ ಮಾತು ಬಂದಾಗ? "ಹುಡುಗ ಬೌದ್ಧನೇ ಸರಿ, ಆದರೆ ಬಲಗೈಯೋ ಎಡಗೈಯೋ?" ಎಂಬ ಪ್ರಶ್ನೆ ಮೆಲ್ಲಗೆ ಹೊರಬರುತ್ತದೆ. "ನಮ್ಮ ಪದ್ಧತಿ ಬೇರೆ, ಮಗಳು ಹೊಂದಿಕೊಳ್ಳಲಾರಳು" ಎಂದು ಹಿರಿಯರು ಹೇಳುತ್ತಾರೆ. ಅವರ ಕಾಳಜಿ ಸುಳ್ಳಲ್ಲ. ಆದರೆ ದನಗಾಹಿಯ ಅಳತೆಗೋಲಿನಿಂದ ನೋಡಿ. ಈ ಬೇಲಿಯೊಳಗೆ ಕಾಯಬೇಕಾದ ಪೈರು ಯಾವುದು? ಮಗಳ ಸುಖವೇ ಆದರೆ ಕೇಳಬೇಕಾದದ್ದು ಹುಡುಗ ಕುಡಿಯುತ್ತಾನೆಯೇ, ದುಡಿಯುತ್ತಾನೆಯೇ, ಹೆಣ್ಣನ್ನು ಗೌರವಿಸುತ್ತಾನೆಯೇ ಎಂದು. ಅದು ಶೀಲದ ಪ್ರಶ್ನೆ. ಬಲಗೈ ಎಡಗೈ ಎಂಬುದು ನಮ್ಮನ್ನು ಊರ ಹೊರಗಿಟ್ಟ ಬೇಲಿಯದೇ ಒಂದು ತುಂಡು. ಅದನ್ನು ಕಿತ್ತು ತಂದು ನಮ್ಮ ಅಂಗಳದಲ್ಲಿ ನೆಟ್ಟುಕೊಂಡರೆ ಹೊಲ ಮೇಯುವ ಬೇಲಿ ನಾವೇ ಆಗುತ್ತೇವೆ.

*🌿 ಇಂದಿನ ಅಭ್ಯಾಸ:* ಸಂಜೆ ಹತ್ತು ನಿಮಿಷ ಮೌನವಾಗಿ ಕುಳಿತು ನಿಮ್ಮ ಒಂದು ಬೇಲಿಯನ್ನು ಗುರುತಿಸಿ. ಮೂರು ಪ್ರಶ್ನೆ ಕೇಳಿಕೊಳ್ಳಿ. ಇದು ತಡೆಯುವುದು ನನ್ನನ್ನೋ ಇನ್ನೊಬ್ಬರನ್ನೋ? ಒಳಗೆ ಪೈರು ಇದೆಯೇ? ಇದಕ್ಕೆ ಬಾಗಿಲು ಇದೆಯೇ? ಉತ್ತರವನ್ನು ಮನೆಯವರೊಂದಿಗೆ ಹಂಚಿಕೊಳ್ಳಿ.

ಸಬ್ಬೇ ಸತ್ತಾ ಸುಖಿ ಹೊಂತು.
ಸಾಧು! ಸಾಧು! ಸಾಧು! 🙏