ಕಾನ್ಹೇರಿಯ ದಾನ, ಮಂಡಪೇಶ್ವರದ ಶಿಲುಬೆ

ಮುಂಬಯಿಯ ಬೋರಿವಲಿಯ ಕಾಡಿನೊಳಗಿನ ಕಾನ್ಹೇರಿ ಬೌದ್ಧ ಗುಹೆಗಳಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಹೆಸರು ಹೊತ್ತ ಶಾಸನಗಳಿವೆ. 9ನೇ ಶತಮಾನದಲ್ಲಿ ಅವನ ಸಾಮಂತರಾದ ಶಿಲಾಹಾರರು ಕೊಂಕಣವನ್ನು ಆಳುತ್ತಿದ್ದಾಗ ಇಲ್ಲಿನ ಸಂಘಕ್ಕೆ ಸಂದ ದಾನಗಳ ದಾಖಲೆ ಅವು: ಭಿಕ್ಷುಗಳ ವಸ್ತ್ರಕ್ಕೆ, ಪುಸ್ತಕಕ್ಕೆ, ಶಿಥಿಲವಾದದ್ದರ ದುರಸ್ತಿಗೆ. ಒಬ್ಬ ದಾನಿ ಶಿಲಾಹಾರ ಪುಲ್ಲಶಕ್ತಿಯ ಮಂತ್ರಿ. ಇನ್ನೊಬ್ಬ ದೂರದ ಗೌಡದೇಶದಿಂದ ಬಂದು 100 ದ್ರಮ್ಮ ನಾಣ್ಯ ಕೊಟ್ಟವನು. ಅಮೋಘವರ್ಷನಾದರೋ ಜೈನ ಗುರು ಜಿನಸೇನಾಚಾರ್ಯರ ಶಿಷ್ಯ; ಮಹಾಲಕ್ಷ್ಮಿಗೆ ತನ್ನ ಬೆರಳನ್ನೇ ಒಪ್ಪಿಸಿದನೆಂದು ಸಂಜಾನದ ತಾಮ್ರಪಟ ಅವನನ್ನು ಹೊಗಳುತ್ತದೆ. ಬುದ್ಧನ ವಿಹಾರಕ್ಕೆ ಸಂದ ಕಾಣಿಕೆಯನ್ನು ಈ ಅರಸನ ಹೆಸರಿನಡಿ ಕೆತ್ತಿಸಲು ಯಾರಿಗೂ ಅಳುಕಿರಲಿಲ್ಲ.

ಇಂದಿನ ಪ್ರಭುತ್ವದ ಸ್ಥಿತಿ ಬೇರೆ. ಯಾವುದೇ ಒಂದು ಧರ್ಮದ ಪ್ರಚಾರಕ್ಕಾಗಿ ತೆರಿಗೆ ಕೊಡುವಂತೆ ಯಾರನ್ನೂ ಬಲವಂತ ಮಾಡಬಾರದೆನ್ನುತ್ತದೆ ಸಂವಿಧಾನದ 27ನೇ ವಿಧಿ. ರಾಷ್ಟ್ರೀಯ ಮಹತ್ವದ ಸ್ಮಾರಕಗಳನ್ನು ಕಾಪಾಡುವುದು ರಾಜ್ಯದ ಹೊಣೆ ಎನ್ನುತ್ತದೆ 49ನೇ ವಿಧಿ. ಆ ಸ್ಮಾರಕಗಳಲ್ಲಿ ಎಷ್ಟೋ ದೇವಸ್ಥಾನಗಳು. ಹಾಗಾದರೆ ನಾಸ್ತಿಕನ ತೆರಿಗೆ ಶಿವಲಿಂಗದ ಮೇಲಿನ ಸೋರಿಕೆ ತಡೆಯಲು ಹೋಗುವುದು ನ್ಯಾಯವೇ? ನ್ಯಾಯವೇ, ಆದರೆ ಒಂದು ಷರತ್ತಿನ ಮೇಲೆ: ಸರ್ಕಾರ ಕಾಯಬೇಕಾದದ್ದು ಅಲ್ಲಿ ನಡೆದದ್ದರ ಸಾಕ್ಷ್ಯವನ್ನು, ಅಲ್ಲಿನ ದೇವರು ಯಾರೆಂದು ತೀರ್ಮಾನಿಸುವ ಕೆಲಸ ಅದರದ್ದಲ್ಲ. ಈ ಷರತ್ತಿನ ಬಿಗಿ ತಿಳಿಯುವುದು ಅದೇ ಬೋರಿವಲಿಯ ಮಂಡಪೇಶ್ವರದಲ್ಲಿ. ಅದು ಶೈವ ಗುಹೆ, ಒಳಗೆ ನರ್ತಿಸುವ ಶಿವನಿದ್ದಾನೆ. 16ನೇ ಶತಮಾನದಲ್ಲಿ ಪೋರ್ಚುಗೀಸ್ ಫ್ರಾನ್ಸಿಸ್ಕನ್ ಪಾದ್ರಿಗಳು ಅದನ್ನು ಇಗರ್ಜಿಯಾಗಿಸಿದರು; ಬಂಡೆಯಲ್ಲಿ ಕೊರೆದ ಶಿಲುಬೆ ಇನ್ನೂ ಇದೆ, ಮೇಲೆ ಅವರ ಕಟ್ಟಡದ ಪಾಳುಗೋಡೆಗಳಿವೆ. ಅನ್ಯಾಯದ ಗುರುತನ್ನೇಕೆ ಉಳಿಸಬೇಕು, ಮೂಲರೂಪಕ್ಕೆ ತರಬಾರದೇಕೆ ಎಂಬ ಪ್ರಶ್ನೆಯ ಹಿಂದಿನ ನೋವು ನಿಜವಾದದ್ದು. ಆದರೆ ಶಿಲುಬೆಯನ್ನು ಕೆತ್ತಿ ತೆಗೆದರೆ ಆ ಅನ್ಯಾಯದ ಸಾಕ್ಷಿಯೂ ಅಳಿಯುತ್ತದೆ. ಮೂಲ ಯಾವುದೆಂದು ಆರಿಸುವ ಅಧಿಕಾರಿ ಆ ಗಳಿಗೆಯಲ್ಲಿ ಪುರೋಹಿತನಾಗಿಬಿಡುತ್ತಾನೆ.

ಇದಕ್ಕಿಂತ ಆಳದ ಆಕ್ಷೇಪ ಧರ್ಮದ ಒಳಗಿನಿಂದಲೇ ಬರುತ್ತದೆ. ಎಲ್ಲವೂ ಅನಿತ್ಯವೆಂದವನು ಬುದ್ಧ. ಸ್ಥಾವರವನ್ನು ನೆಚ್ಚಬೇಡಿ ಎಂದವರು ನಮ್ಮ ಶರಣರು. ಕಲ್ಲಿಗೇಕೆ ಇಷ್ಟು ಹಂಬಲ? ಅನಿತ್ಯವನ್ನು ಬೋಧಿಸುತ್ತಲೇ ಕಾನ್ಹೇರಿಯ ಭಿಕ್ಷುಗಳು ದುರಸ್ತಿಗೆಂದು ದಾನ ಸ್ವೀಕರಿಸಿದರು. ಮುಂದೆ ಬರುವವರಿಗೆ ಧ್ಯಾನಕ್ಕೆ ಸೂರು ಬೇಕೆಂಬ ಕಾಳಜಿ ಅದು, ಮೋಹವಲ್ಲ. ಶರಣರ ಮಾತನ್ನು ನಾನು ಇನ್ನೂ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದು ಕಲ್ಲಿನ ಪಕ್ಕದ ಮನುಷ್ಯನನ್ನು ನೆನಪಿಸುತ್ತದೆ. ಜೋಗೇಶ್ವರಿಯಲ್ಲಿ ಗುಹೆಯ ನೆತ್ತಿಯ ಮೇಲೆಯೇ ಮನೆಗಳೆದ್ದಿವೆ, ಅವುಗಳ ನೀರು ಒಳಗೆ ಇಳಿಯುತ್ತದೆ, ಒಳಗೆ ದೇವಿಗೆ ಇಂದಿಗೂ ಪೂಜೆ ನಡೆಯುತ್ತದೆ. ಮುಂಬಯಿಯಲ್ಲಿ ತಲೆಯ ಮೇಲೊಂದು ಸೂರು ಹುಡುಕಿಕೊಂಡವರನ್ನು ಅತಿಕ್ರಮಣದಾರರೆಂದಷ್ಟೇ ಕರೆದು ಎಬ್ಬಿಸುವುದು ಸಂರಕ್ಷಣೆಯಲ್ಲ. ಅವರಿಗೆ ಅಲ್ಲೇ ಸಮೀಪದಲ್ಲಿ ಮನೆ ಕಟ್ಟಿಕೊಡುವ ವೆಚ್ಚವನ್ನೂ ಗುಹೆಯ ದುರಸ್ತಿಯ ಲೆಕ್ಕದಲ್ಲೇ ಬರೆಯಬೇಕು.